ಸೈನಿಕರ ನೋವು ಕೇಳುವವರಿಗೂ ದಣಿವು

ಯುದ್ಧಭೂಮಿಯಿಂದ ಮರಳಿದ ಸೈನಿಕನಿಗೆ ರಾತ್ರಿ ನಿದ್ರೆ ಬರುವುದಿಲ್ಲ. ಪಟಾಕಿಯ ಸದ್ದಿಗೆ ಮೈ ನಡುಗುತ್ತದೆ. ಪಕ್ಕದಲ್ಲೇ ಪ್ರಾಣ ಬಿಟ್ಟ ಗೆಳೆಯನ ಮುಖ ಕಣ್ಣಿಗೆ ಕಟ್ಟಿದಂತಿರುತ್ತದೆ. ಹೆಂಡತಿ ಮಕ್ಕಳ ಮೇಲೆ ವಿನಾಕಾರಣ ರೇಗುತ್ತಾನೆ. ಕೊನೆಗೆ ಮನೆಯವರ ಒತ್ತಾಯಕ್ಕೋ ಮೇಲಧಿಕಾರಿಯ ಸೂಚನೆಗೋ ಒಪ್ಪಿ ಮನೋವೈದ್ಯರ ಬಳಿಗೆ ಹೋಗುತ್ತಾನೆ. ಯಾರಿಗೂ ಹೇಳದ ಮಾತನ್ನು ಅಲ್ಲಿ ಹೇಳುತ್ತಾನೆ. ಹೇಳಿಕೊಂಡು ಸ್ವಲ್ಪ ಹಗುರಾಗುತ್ತಾನೆ.

ಅವನು ಇಳಿಸಿದ ಆ ಭಾರ ಎಲ್ಲಿಗೆ ಹೋಯಿತು? ಈ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಎದುರಿಗೆ ಕುಳಿತು ಕೇಳಿದ ವೈದ್ಯರು ಅದೇ ದಿನ ಇನ್ನೂ ನಾಲ್ಕಾರು ಮಂದಿಯ ಬಾಯಿಂದ ಅಂಥದೇ ಮಾತು ಕೇಳಬೇಕು. ನಾಳೆ ಕೇಳಬೇಕು, ನಾಡಿದ್ದು ಕೇಳಬೇಕು. 'ವೈದ್ಯರಲ್ಲವೆ, ಅವರಿಗೆ ಅಭ್ಯಾಸವಾಗಿರುತ್ತದೆ' ಎಂದು ನೀವು ಹೇಳಬಹುದು. ಅಭ್ಯಾಸವಾಗುವುದೇನೋ ನಿಜ. ಆದರೆ ಮನಸ್ಸು ಜಡ್ಡುಗಟ್ಟಿ ಅಭ್ಯಾಸವಾದರೆ ಅದು ಗುಣವಲ್ಲ, ಅಪಾಯದ ಚಿಹ್ನೆ.

ಸೈನಿಕರಿಗೂ ನಿವೃತ್ತ ಯೋಧರಿಗೂ ಚಿಕಿತ್ಸೆ ಕೊಡುವ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ದಾದಿಯರು ಮತ್ತು ಆಪ್ತಸಲಹೆಗಾರರು ಎದುರಿಸುವ ವೃತ್ತಿಯ ಬಳಲಿಕೆಯ ಬಗ್ಗೆ ಈ ವಾರ ತಿಳಿದುಕೊಳ್ಳೋಣ. ಇದು ವೈದ್ಯರ ಮನೆಯ ವಿಷಯ ಮಾತ್ರವಲ್ಲ. ವೈದ್ಯರು ಬಳಲಿದರೆ ಅದರ ಬೆಲೆ ತೆರುವವನು ಸೈನಿಕ, ಅವನ ಹಿಂದೆ ಅವನ ಕುಟುಂಬ.

ಬರ್ನ್‌ಔಟ್ ಎಂದರೇನು?

ದೀಪದಲ್ಲಿ ಎಣ್ಣೆ ತೀರಿದ ಮೇಲೂ ಬತ್ತಿ ಸ್ವಲ್ಪ ಹೊತ್ತು ಉರಿಯುತ್ತದೆ. ಆಗ ಉರಿಯುವುದು ಎಣ್ಣೆಯಲ್ಲ, ಬತ್ತಿಯೇ. ದೂರದಿಂದ ನೋಡುವವರಿಗೆ ಬೆಳಕು ಕಾಣುತ್ತಲೇ ಇರುತ್ತದೆ. ವೃತ್ತಿಯ ಬಳಲಿಕೆ ಎಂದರೆ ಹೆಚ್ಚುಕಡಿಮೆ ಇದೇ. ನ್ಯೂಯಾರ್ಕ್ ನಗರದ ಉಚಿತ ಚಿಕಿತ್ಸಾಲಯವೊಂದರಲ್ಲಿ ದುಡಿಯುತ್ತಿದ್ದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬುವರು ತಮ್ಮಲ್ಲೂ ತಮ್ಮ ಜೊತೆಗಾರರಲ್ಲೂ ಈ ಸ್ಥಿತಿಯನ್ನು ಗಮನಿಸಿದರು. ಉತ್ಸಾಹದಿಂದ ಕೆಲಸಕ್ಕೆ ಬಂದವರು ಕೆಲಕಾಲದಲ್ಲೇ ಬರಿದಾಗಿಹೋಗುತ್ತಿದ್ದರು. 1974ರಲ್ಲಿ ಅವರು ಇದನ್ನು 'ಬರ್ನ್‌ಔಟ್' ಎಂದು ಕರೆದು ಲೇಖನ ಬರೆದರು.

ಮುಂದೆ ಕ್ರಿಸ್ಟೀನಾ ಮ್ಯಾಸ್‌ಲ್ಯಾಕ್ ಮತ್ತು ಸೂಸನ್ ಜಾಕ್ಸನ್ ಎಂಬ ಸಂಶೋಧಕಿಯರು 1981ರಲ್ಲಿ ಇದನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಅವರ ಪ್ರಕಾರ ಬರ್ನ್‌ಔಟ್‌ಗೆ ಮೂರು ಮುಖಗಳಿವೆ.

ಮೊದಲನೆಯದು ಭಾವನೆಗಳ ದಣಿವು. ಬೆಳಿಗ್ಗೆ ಎದ್ದಾಗಲೇ ಸುಸ್ತು. ಭಾನುವಾರ ಸಂಜೆಯೇ ಸೋಮವಾರದ ಭಯ. ರಜೆ ಹಾಕಿ ಬಂದರೂ ಎರಡೇ ದಿನಕ್ಕೆ ಮತ್ತೆ ಅದೇ ಸ್ಥಿತಿ.

ಎರಡನೆಯದು ಮನುಷ್ಯರನ್ನು ಮನುಷ್ಯರಂತೆ ಕಾಣದಿರುವುದು. 'ಹವಾಲ್ದಾರರು ಬಂದಿದ್ದಾರೆ' ಎನ್ನುವ ಬದಲು 'ಮತ್ತೊಂದು ನಿದ್ರೆ ಬಾರದ ಕೇಸು ಬಂತು' ಎನ್ನುವ ಧಾಟಿ. ರೋಗಿ ಅಳುತ್ತಿರುವಾಗ ಕಣ್ಣು ಗಡಿಯಾರದ ಮೇಲೆ. 'ಇವನು ಪಿಂಚಣಿಗಾಗಿ ನಾಟಕ ಮಾಡುತ್ತಿರಬಹುದೆ?' ಎಂಬ ಅನುಮಾನ ಎಲ್ಲರ ಮೇಲೂ.

ಮೂರನೆಯದು 'ನನ್ನಿಂದ ಏನೂ ಆಗುತ್ತಿಲ್ಲ' ಎಂಬ ಭಾವನೆ. ಹತ್ತು ಮಂದಿ ಗುಣವಾಗಿ ಹೋಗಿದ್ದರೂ ನೆನಪಿನಲ್ಲಿ ಉಳಿಯುವವನು ಗುಣವಾಗದ ಹನ್ನೊಂದನೆಯವನು.

ಇಲ್ಲೊಂದು ಮುಖ್ಯ ಸಂಗತಿಯಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ವರ್ಗೀಕರಣದ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಗೆ ಬಂದಿದೆ. ಅದರಲ್ಲಿ ಬರ್ನ್‌ಔಟ್ ಅನ್ನು ಕಾಯಿಲೆ ಎಂದು ಹೇಳಿಲ್ಲ. ಕೆಲಸದ ಸ್ಥಳದ ಒತ್ತಡ ಬಹುಕಾಲ ಮುಂದುವರಿದು, ಅದನ್ನು ಸರಿಯಾಗಿ ನಿಭಾಯಿಸದೆ ಹೋದಾಗ ಉಂಟಾಗುವ, ವೃತ್ತಿಗೆ ಸಂಬಂಧಿಸಿದ ಸ್ಥಿತಿ ಎಂದು ಹೇಳಲಾಗಿದೆ. ಇದು ಪದಗಳ ಆಟವಲ್ಲ. ಕಾಯಿಲೆ ಎಂದೊಡನೆ ನಾವು ದೋಷವನ್ನು ಮನುಷ್ಯನೊಳಗೆ ಹುಡುಕುತ್ತೇವೆ. ವೃತ್ತಿಯ ಸ್ಥಿತಿ ಎಂದಾಗ ಕೆಲಸದ ಸ್ಥಳದ ಕಡೆಗೂ ಕಣ್ಣು ಹಾಯಿಸಬೇಕಾಗುತ್ತದೆ.

ನೂರು ವರ್ಷದ ಹಳೆಯ ಸಂಕಟ

ಸೈನಿಕರ ಮನಸ್ಸಿಗೆ ಚಿಕಿತ್ಸೆ ಕೊಡುವವರ ಸಂಕಟ ಹೊಸದೇನಲ್ಲ. ಮೊದಲ ಮಹಾಯುದ್ಧದಲ್ಲಿ ಫಿರಂಗಿಗಳ ದಾಳಿಗೆ ಸಿಕ್ಕ ಸಾವಿರಾರು ಸೈನಿಕರು ಮೈಮೇಲೆ ಗಾಯವಿಲ್ಲದೆಯೂ ಮಾತು ಕಳೆದುಕೊಂಡರು, ನಡುಗತೊಡಗಿದರು, ಕೆಲವರಿಗೆ ಕಣ್ಣೇ ಕಾಣದಾಯಿತು. ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯರು 1915ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದ ಲೇಖನದಿಂದ ಇದಕ್ಕೆ 'ಶೆಲ್ ಶಾಕ್' ಎಂಬ ಹೆಸರು ವೈದ್ಯ ಜಗತ್ತಿಗೆ ಬಂತು.

ಸ್ಕಾಟ್ಲೆಂಡಿನ ಎಡಿನ್‌ಬರೋ ಬಳಿ ಕ್ರೇಗ್‌ಲಾಕ್‌ಹಾರ್ಟ್ ಎಂಬಲ್ಲಿ ಇಂಥ ಅಧಿಕಾರಿಗಳಿಗಾಗಿ ಒಂದು ಆಸ್ಪತ್ರೆಯಿತ್ತು. ಅಲ್ಲಿ 1916 ಮತ್ತು 1917ರಲ್ಲಿ ಡಬ್ಲ್ಯು.ಎಚ್.ಆರ್. ರಿವರ್ಸ್ ಎಂಬ ವೈದ್ಯರು ಕೆಲಸ ಮಾಡಿದರು. ಇವರ ಹೆಸರು ನಮ್ಮ ಕಡೆಯವರಿಗೆ ತೀರ ಅಪರಿಚಿತವಲ್ಲ. ನೆರೆಯ ನೀಲಗಿರಿಯ ತೋಡ ಜನಾಂಗದ ನಡುವೆ 1901-02ರಲ್ಲಿ ಅಧ್ಯಯನ ನಡೆಸಿ, 1906ರಲ್ಲಿ ಅವರ ಬಗ್ಗೆ ದೊಡ್ಡ ಗ್ರಂಥ ಬರೆದವರು ಇವರೇ. ಭಯವನ್ನು ಅದುಮಿಡಬೇಡಿ, ನೆನಪಿನಿಂದ ಓಡಿಹೋಗಬೇಡಿ, ಮಾತನಾಡಿ ಎಂಬುದು ಅವರ ಚಿಕಿತ್ಸೆಯ ತಿರುಳು.

ಆದರೆ ಅಲ್ಲೊಂದು ಇಕ್ಕಟ್ಟಿತ್ತು. ಬೇರೆ ವೈದ್ಯರು ರೋಗಿಯನ್ನು ಗುಣಪಡಿಸಿ ಮನೆಗೆ ಕಳಿಸುತ್ತಾರೆ. ಸೇನೆಯ ಮನೋವೈದ್ಯರು ಗುಣಪಡಿಸಿ ಮತ್ತೆ ಯುದ್ಧಕ್ಕೆ ಕಳಿಸಬೇಕು! ಯುದ್ಧವನ್ನು ಬಹಿರಂಗವಾಗಿ ವಿರೋಧಿಸಿದ್ದ ಕವಿ ಸಿಗ್‌ಫ್ರಿಡ್ ಸಸೂನ್ 1917ರಲ್ಲಿ ರಿವರ್ಸ್ ಅವರ ರೋಗಿಯಾಗಿದ್ದರು. ಚಿಕಿತ್ಸೆಯ ಬಳಿಕ ಅವರು ಸೇವೆಗೆ ಮರಳಿದರು. 1918ರ ಜುಲೈನಲ್ಲಿ ತಲೆಗೆ ಗುಂಡೇಟು ಬಿದ್ದರೂ ಬದುಕಿಕೊಂಡರು. ಅದೇ ಆಸ್ಪತ್ರೆಯಲ್ಲಿ ಆರ್ಥರ್ ಬ್ರಾಕ್ ಎಂಬ ವೈದ್ಯರಿಂದ ಚಿಕಿತ್ಸೆ ಪಡೆದು ಮರಳಿದ ಇನ್ನೊಬ್ಬ ಕವಿ ವಿಲ್‌ಫ್ರೆಡ್ ಓವನ್ 1918ರ ನವೆಂಬರ್ 4ರಂದು, ಕದನವಿರಾಮಕ್ಕೆ ಒಂದು ವಾರವಷ್ಟೇ ಇರುವಾಗ, ಯುದ್ಧದಲ್ಲಿ ಮಡಿದರು. ತಾನು ಗುಣಪಡಿಸಿದ ರೋಗಿ ಗುಣವಾದ ಕಾರಣಕ್ಕೇ ಸಾವಿನ ಬಾಯಿಗೆ ಹೋದನೆಂದರೆ ವೈದ್ಯನ ಮನಸ್ಸಿಗೆ ಹೇಗಾಗಬೇಡ!

ರಿವರ್ಸ್ ತಮ್ಮ ಕನಸುಗಳನ್ನೂ ಬರೆದಿಟ್ಟಿದ್ದರು. ಅವರ ಮರಣದ ನಂತರ 1923ರಲ್ಲಿ ಪ್ರಕಟವಾದ ಪುಸ್ತಕದಲ್ಲಿ, ಯುದ್ಧ ಬೇಡವೆನ್ನುವ ರೋಗಿಯ ವಾದಕ್ಕೂ ತಮ್ಮ ಕರ್ತವ್ಯಕ್ಕೂ ನಡುವೆ ನಡೆದ ತಿಕ್ಕಾಟ ತಮ್ಮ ಕನಸಿನಲ್ಲಿ ಕಾಣಿಸಿಕೊಂಡ ಬಗೆಯನ್ನು ವಿವರಿಸಿದ್ದಾರೆ. ರೋಗಿಯ ಮಾತು ವೈದ್ಯನ ನಿದ್ರೆಯೊಳಕ್ಕೂ ಹೋಗಬಲ್ಲದು ಎಂಬುದಕ್ಕೆ ಇದಕ್ಕಿಂತ ಹಳೆಯ, ಪ್ರಾಮಾಣಿಕ ಸಾಕ್ಷಿ ಬೇಕಿಲ್ಲ.

ವಿಯೆಟ್ನಾಂ ಯುದ್ಧದ ನಂತರ ಮತ್ತೊಂದು ಪಾಠ ಸಿಕ್ಕಿತು. ಬಾಸ್ಟನ್ ನಗರದ ನಿವೃತ್ತ ಸೈನಿಕರ ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತೆಯಾಗಿದ್ದ ಸಾರಾ ಹೇಲಿ 1974ರಲ್ಲಿ ಒಂದು ಲೇಖನ ಬರೆದರು. ತಾನು ಅಮಾಯಕರನ್ನು ಕೊಂದೆ ಎಂದು ರೋಗಿ ಹೇಳಿದಾಗ ಚಿಕಿತ್ಸಕರು ಏನು ಮಾಡಬೇಕು ಎಂಬುದು ಅದರ ವಿಷಯ. ಕೇಳುವವರು ಮೊದಲು ತಮ್ಮ ಮನಸ್ಸನ್ನೇ ಎದುರಿಸಬೇಕು. ಅಂಥ ಪರಿಸ್ಥಿತಿಯಲ್ಲಿ ತಾನೂ ಹಾಗೆ ಮಾಡುತ್ತಿದ್ದೆನೇನೋ ಎಂದು ಒಪ್ಪಿಕೊಳ್ಳುವ ಧೈರ್ಯ ಬೇಕು ಎಂದು ಅವರು ಹೇಳಿದರು. ಯುದ್ಧದ ಆಘಾತದಿಂದ ಬರುವ ಕಾಯಿಲೆಗೆ 'ಪಿಟಿಎಸ್‌ಡಿ' ಎಂಬ ಅಧಿಕೃತ ಹೆಸರು ಬಂದದ್ದು 1980ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ ಕೇಳುವವರ ಕಷ್ಟದ ಬಗ್ಗೆ ಆಕೆ ಬರೆದಿದ್ದರು.

ಕೇಳುವುದು ಅಷ್ಟು ಕಷ್ಟವೆ?

'ಸುಮ್ಮನೆ ಕುಳಿತು ಕೇಳುವುದರಲ್ಲಿ ಏನು ಆಯಾಸ?' ಎಂದು ಕೆಲವರಿಗೆ ಅನ್ನಿಸಬಹುದು. ಪಿಟಿಎಸ್‌ಡಿಗೆ ಚಿಕಿತ್ಸೆ ಹೇಗೆ ನಡೆಯುತ್ತದೆ ಎಂದು ನೋಡಿದರೆ ಇದು ಅರ್ಥವಾಗುತ್ತದೆ. ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಬಳಸುವ ಒಂದು ವಿಧಾನದಲ್ಲಿ ರೋಗಿ ಕಣ್ಣು ಮುಚ್ಚಿಕೊಂಡು ಆ ಘಟನೆಯನ್ನು ಈಗಲೇ ನಡೆಯುತ್ತಿರುವಂತೆ ಹೇಳಬೇಕು. ಏನು ಕಂಡಿತು, ಏನು ಕೇಳಿಸಿತು, ಯಾವ ವಾಸನೆ ಬಂತು, ಎಲ್ಲವನ್ನೂ. ಹೇಳಿ ಮುಗಿದ ಮೇಲೆ ಮತ್ತೊಮ್ಮೆ ಮೊದಲಿನಿಂದ. ಒಂದೊಂದು ಭೇಟಿಯೂ ಸಾಮಾನ್ಯವಾಗಿ ಒಂದೂವರೆ ಗಂಟೆಯದು. ಇಂಥ ಹತ್ತಾರು ಭೇಟಿಗಳು ಬೇಕಾಗುತ್ತವೆ. ಮತ್ತೆ ಮತ್ತೆ ಹೇಳುವುದರಿಂದ ನೆನಪಿನ ಮೊನೆ ಮೊಂಡಾಗುತ್ತದೆ, ಭಯ ಇಳಿಯುತ್ತದೆ. ಇದು ಪರೀಕ್ಷೆಗೆ ಒಳಪಟ್ಟ, ಉತ್ತಮ ಫಲ ಕೊಡುವ ಚಿಕಿತ್ಸೆ.

ರೋಗಿ ಹೇಳುವುದು ತನ್ನ ಒಂದು ಕಥೆಯನ್ನು. ಚಿಕಿತ್ಸಕರು ಕೇಳುವುದು ಹತ್ತು ರೋಗಿಗಳ ಹತ್ತು ಕಥೆಗಳನ್ನು. ಕೇಳುವಾಗ ಮುಖ ಕಿವುಚಬಾರದು, ಹೆದರಬಾರದು, ತೀರ್ಪು ಕೊಡಬಾರದು. ಕಲ್ಲಿನಂತೆಯೂ ಕೂರಬಾರದು. ಜೊತೆಗೆ, ಈ ರೋಗಿ ಇಂದು ರಾತ್ರಿ ಪ್ರಾಣಕ್ಕೆ ಅಪಾಯ ಮಾಡಿಕೊಂಡಾನೆಯೆ ಎಂದು ಒಳಗೊಳಗೇ ಅಳೆಯುತ್ತಿರಬೇಕು. ಗದ್ದೆಯಲ್ಲಿ ದಿನವಿಡೀ ದುಡಿದವನ ಬೆನ್ನಿನ ನೋವು ನಮಗೆ ಕಾಣುತ್ತದೆ. ಈ ದಣಿವು ಕಾಣುವುದಿಲ್ಲ, ಅಷ್ಟೆ.

ಮೂರನ್ನೂ ಬೇರೆ ಬೇರೆಯಾಗಿ ಗುರುತಿಸಿ

ಒಂದೇ ರೀತಿ ಕಾಣುವ ಮೂರು ಸ್ಥಿತಿಗಳನ್ನು ಜನ, ಕೆಲವೊಮ್ಮೆ ವೈದ್ಯರೂ, ಒಂದೇ ಎಂದು ತಿಳಿಯುತ್ತಾರೆ. ಪರಿಹಾರ ಬೇರೆಯಾದ್ದರಿಂದ ಇವುಗಳ ವ್ಯತ್ಯಾಸ ತಿಳಿದಿರಬೇಕು.

ಬರ್ನ್‌ಔಟ್ ನಿಧಾನವಾಗಿ, ತಿಂಗಳುಗಟ್ಟಲೆ ಬೆಳೆಯುತ್ತದೆ. ಅದರ ಬೇರು ಕೆಲಸದಲ್ಲಿದೆ. ಯುದ್ಧದ ಕಥೆ ಕೇಳದ ಬ್ಯಾಂಕ್ ನೌಕರನಿಗೂ, ಶಾಲಾ ಶಿಕ್ಷಕಿಗೂ ಬರಬಹುದು.

ಎರಡನೆಯದು, ಕೇಳಿದ ಆಘಾತವೇ ಕೇಳಿದವರಿಗೆ ಅಂಟಿಕೊಳ್ಳುವುದು. ರೋಗಿ ಕಂಡ ದೃಶ್ಯ ಚಿಕಿತ್ಸಕರ ಕನಸಿನಲ್ಲಿ ಬರುತ್ತದೆ. ಸಂತೆಯ ಗುಂಪಿನಲ್ಲಿ, ಬಸ್ ನಿಲ್ದಾಣದಲ್ಲಿ ಅಕಾರಣ ಭಯವಾಗುತ್ತದೆ. ಇದು ಕೆಲವೇ ದಿನಗಳಲ್ಲಿ, ಒಬ್ಬನೇ ರೋಗಿಯಿಂದಲೂ ಬರಬಹುದು. ಸ್ವತಃ ವಿಯೆಟ್ನಾಂನಲ್ಲಿ ಸೇವೆ ಮಾಡಿ ಬಂದ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಫಿಗ್ಲಿ 1995ರಲ್ಲಿ ಹೊರತಂದ ಪುಸ್ತಕದಿಂದ 'ಕರುಣೆಯ ದಣಿವು' ಎಂಬ ಅರ್ಥದ ಹೆಸರು ಇದಕ್ಕೆ ಪ್ರಚಾರಕ್ಕೆ ಬಂತು. ಕೆಲಸದ ಭಾಗವಾಗಿ ಭೀಕರ ವಿವರಗಳಿಗೆ ಪದೇ ಪದೇ ಒಡ್ಡಿಕೊಳ್ಳುವುದೂ ಪಿಟಿಎಸ್‌ಡಿಗೆ ಕಾರಣವಾಗಬಹುದೆಂದು ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ 2013ರಲ್ಲಿ ಒಪ್ಪಿಕೊಂಡಿತು.

ಮೂರನೆಯದು ಖಿನ್ನತೆ. ಬರ್ನ್‌ಔಟ್ ಆದವರಿಗೆ, ಆರಂಭದಲ್ಲಾದರೂ, ಮನೆಯಲ್ಲಿ ಮಗುವಿನ ಜೊತೆ ಆಡುವಾಗ ಸಂತೋಷವಾಗುತ್ತದೆ. ಖಿನ್ನತೆಯಲ್ಲಿ ಮನೆ, ಊಟ, ಹಾಡು, ಸ್ನೇಹಿತರು ಯಾವುದೂ ರುಚಿಸುವುದಿಲ್ಲ. ಸಾಯುವ ಯೋಚನೆ ಬರಬಹುದು. ಬರ್ನ್‌ಔಟ್ ಅನ್ನು ಕಡೆಗಣಿಸಿದರೆ ಖಿನ್ನತೆಯೂ ಜೊತೆಗೂಡಬಹುದು. ಖಿನ್ನತೆಗೆ ಚಿಕಿತ್ಸೆ ಬೇಕೇ ಬೇಕು. ರಜೆಯಿಂದ ಅದು ಹೋಗುವುದಿಲ್ಲ.

ಸೇನೆಯಲ್ಲಿ ಹೆಚ್ಚಿನ ತೊಡಕೇನು?

ಊರಿನ ಮನೋವೈದ್ಯರಿಗೆ ರೋಗಿಯೊಬ್ಬರೇ ಯಜಮಾನ. ಸೇನೆಯಲ್ಲಿರುವವರಿಗೆ ಇಬ್ಬರು: ಎದುರಿಗೆ ಕುಳಿತ ಸೈನಿಕ ಮತ್ತು ಅವನ ಕೈಗೆ ಬಂದೂಕು ಕೊಟ್ಟ ಸೇನೆ. ಸೈನಿಕ ಹೇಳಿದ್ದನ್ನು ಗುಟ್ಟಾಗಿ ಇಡಬೇಕು. ಆದರೆ ಅವನಿಂದ ತನಗೋ ಜೊತೆಗಾರರಿಗೋ ಅಪಾಯವಿದೆಯೆಂದು ಕಂಡರೆ ಮೇಲಧಿಕಾರಿಗೆ ತಿಳಿಸಲೇಬೇಕು. ಎಲ್ಲಿ ಸುಮ್ಮನಿರಬೇಕು, ಎಲ್ಲಿ ಬಾಯಿ ಬಿಡಬೇಕು ಎಂಬ ತೂಗುಯ್ಯಾಲೆ ದಿನವೂ ಇದ್ದದ್ದೇ.

ನಮ್ಮ ದೇಶದ ಉದಾಹರಣೆಯನ್ನೇ ನೋಡಿ. ಭಾರತೀಯ ಸೇನಾಪಡೆಗಳಲ್ಲಿ ಯೋಧರ ಆರೋಗ್ಯವನ್ನು 'ಶೇಪ್' ಎಂಬ ಪದ್ಧತಿಯಲ್ಲಿ ವರ್ಗೀಕರಿಸುತ್ತಾರೆ. ಈ ಇಂಗ್ಲಿಷ್ ಹೆಸರಿನ ಐದು ಅಕ್ಷರಗಳಲ್ಲಿ ಮೊದಲನೆಯದು ಮನಸ್ಸಿನ ಆರೋಗ್ಯದ್ದು. ಉಳಿದವು ಕಿವಿ, ಕೈಕಾಲು, ದೇಹದ ಸಾಮರ್ಥ್ಯ ಮತ್ತು ದೃಷ್ಟಿಗೆ ಸಂಬಂಧಿಸಿದವು. ವರ್ಗ ಇಳಿದರೆ ಯೋಧನನ್ನು ಎಲ್ಲಿಗೆ ಕಳಿಸಬೇಕು, ಬಡ್ತಿ ಸಿಗುತ್ತದೆಯೆ ಎಂಬುದರ ಮೇಲೆ ಪರಿಣಾಮವಾಗುತ್ತದೆ. ಹೀಗಾಗಿ ಮನೋವೈದ್ಯರು ಬರೆಯುವ ಒಂದು ಸಾಲು ಒಂದು ಸಂಸಾರದ ಹಣೆಬರಹವನ್ನೇ ಬದಲಿಸಬಹುದು. ಇದು ಯೋಧನಿಗೂ ಗೊತ್ತು. ಆದ್ದರಿಂದಲೇ ಅವನು ಅರ್ಧ ಹೇಳಿ ಅರ್ಧ ನುಂಗುತ್ತಾನೆ. ಹೀಗೆ ಅರ್ಧ ಕೇಳಿ ಪೂರ್ತಿ ನಿರ್ಧಾರ ಮಾಡುವ ಹೊಣೆ ವೈದ್ಯರದು.

ಮತ್ತೊಂದು ತೊಡಕು, ಚಿಕಿತ್ಸಕರೂ ಸಮವಸ್ತ್ರ ತೊಟ್ಟವರೇ ಆಗಿರುವುದು. ಅವರಿಗೂ ವರ್ಗಾವಣೆ, ಅವರಿಗೂ ಮನೆಯಿಂದ ದೂರದ ಬದುಕು, ಯುದ್ಧಭೂಮಿಯಲ್ಲಿ ಅವರಿಗೂ ಅಪಾಯ. 2009ರ ಮೇ 11ರಂದು ಬಾಗ್ದಾದಿನ ಕ್ಯಾಂಪ್ ಲಿಬರ್ಟಿ ಎಂಬ ಅಮೆರಿಕನ್ ನೆಲೆಯಲ್ಲಿ ಸೈನಿಕರ ಮಾನಸಿಕ ಒತ್ತಡಕ್ಕೆ ಚಿಕಿತ್ಸೆ ಕೊಡುವ ಕೇಂದ್ರದಲ್ಲೇ ಒಬ್ಬ ಅಮೆರಿಕನ್ ಸೈನಿಕ ಗುಂಡು ಹಾರಿಸಿ ತನ್ನವರೇ ಐವರನ್ನು ಕೊಂದ. ಸತ್ತವರಲ್ಲಿ ಒಬ್ಬರು ಮನೋವೈದ್ಯರು, ಮತ್ತೊಬ್ಬರು ನೌಕಾಪಡೆಯ ಸಮಾಜ ಕಾರ್ಯಕರ್ತರು. ಇಂಥ ಘಟನೆ ಅಪರೂಪ. ಆದರೆ ಮಾರನೆಯ ದಿನ ಅದೇ ಕೆಲಸಕ್ಕೆ ಹೋಗಿ ಕೂರಬೇಕಾದ ಉಳಿದವರ ಮನಸ್ಸನ್ನು ನೀವೇ ಊಹಿಸಿಕೊಳ್ಳಿ.

ಇದೆಲ್ಲದರ ಮೇಲೆ, ಸೇನೆಯಲ್ಲಿ 'ಗಟ್ಟಿಗನಾಗಿರಬೇಕು' ಎಂಬ ಮಾತು ಸೈನಿಕನಿಗೆ ಅನ್ವಯಿಸುವಷ್ಟೇ ವೈದ್ಯರಿಗೂ ಅನ್ವಯಿಸುತ್ತದೆ. ದಿನವಿಡೀ 'ಸಹಾಯ ಕೇಳಲು ನಾಚಬೇಡಿ' ಎಂದು ಹೇಳುವವರು ತಾವು ಮಾತ್ರ ಸಹಾಯ ಕೇಳಲು ನಾಚುತ್ತಾರೆ. ಇಂಥವರು ಮತ್ತೊಬ್ಬ ಮನೋವೈದ್ಯರ ಬಳಿ ಹೋಗುವುದು ಕಡಿಮೆ. ತಲೆನೋವು, ಎದೆಯುರಿ, ಏರಿದ ರಕ್ತದೊತ್ತಡ, ನಿದ್ರೆ ಮಾತ್ರೆ ಎಂದುಕೊಂಡು ನನ್ನಂಥ ಸಾಮಾನ್ಯ ವೈದ್ಯರ ಬಳಿ ಬರುವ ಸಂಭವವೇ ಹೆಚ್ಚು. ಅವರಿಗೆ ಮಾತ್ರೆ ಬರೆಯುವ ಮೊದಲು 'ಕೆಲಸ ಹೇಗಿದೆ?' ಎಂದು ಕೇಳಬೇಕಾದದ್ದು ನಮ್ಮ ಕರ್ತವ್ಯ.

ಬಳಲಿಸುವುದು ಕಥೆಯೋ, ಕಚೇರಿಯೋ?

ಇಷ್ಟು ಓದಿದ ಮೇಲೆ, ಯುದ್ಧದ ಭೀಕರ ಕಥೆಗಳೇ ಇವರನ್ನು ಬಳಲಿಸುತ್ತವೆ ಎಂದು ನಿಮಗೆ ಅನ್ನಿಸಿರಬಹುದು. ಆದರೆ ಚಿಕಿತ್ಸಕರನ್ನೇ ಕೇಳಿದಾಗ ಬಂದ ಉತ್ತರ ಬೇರೆ.

ಅಮೆರಿಕದ ನಿವೃತ್ತ ಸೈನಿಕರ ಇಲಾಖೆಯಲ್ಲಿ ಪಿಟಿಎಸ್‌ಡಿಗೆ ಚಿಕಿತ್ಸೆ ಕೊಡುವ 138 ಮಂದಿಯನ್ನು ಕುರಿತ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇಕಡ 50 ಮಂದಿಗೆ ತೀವ್ರ ದಣಿವಿತ್ತು. ಶೇಕಡ 47 ಮಂದಿಯಲ್ಲಿ ಕೆಲಸದ ಬಗ್ಗೆ ಸಿನಿಕತನ ಬೆಳೆದಿತ್ತು. ಆದರೆ ತಮ್ಮ ಕೆಲಸದ ಸಾಮರ್ಥ್ಯದ ಬಗ್ಗೆ ನಂಬಿಕೆ ಕುಂದಿದ್ದವರು ಶೇಕಡ 12 ಮಾತ್ರ. ಅಂದರೆ ಹೆಚ್ಚಿನವರಿಗೆ 'ಈ ಕೆಲಸ ನನಗೆ ಬರುತ್ತದೆ' ಎಂಬ ವಿಶ್ವಾಸ ಉಳಿದಿತ್ತು. ಉಳಿದಿರದಿದ್ದದ್ದು ಅದನ್ನು ಮಾಡುವ ಶಕ್ತಿ. ದಣಿವಿಗೂ ಸಿನಿಕತನಕ್ಕೂ ಹೆಚ್ಚಿನ ಸಂಬಂಧ ಕಂಡುಬಂದದ್ದು ಕೆಲಸದ ಸ್ಥಳದ ಸಂಗತಿಗಳ ಜೊತೆ: ಕಚೇರಿಯ ರಾಜಕೀಯ, ಕೆಂಪುಪಟ್ಟಿ, ಏರುತ್ತಲೇ ಹೋಗುವ ರೋಗಿಗಳ ಸಂಖ್ಯೆ, ತನ್ನ ಕೆಲಸವನ್ನು ಹೇಗೆ ಮಾಡಬೇಕೆಂಬುದರ ಮೇಲೆ ತನಗೇ ಹಿಡಿತವಿಲ್ಲದಿರುವುದು.

ಇದು ಯೋಚಿಸಬೇಕಾದ ಮಾತು. ರೋಗಿಗೆ ಹನ್ನೆರಡು ವಾರಗಳ ಚಿಕಿತ್ಸೆ ಬೇಕೆಂದು ವೈದ್ಯರಿಗೆ ಗೊತ್ತಿದೆ. ಆದರೆ ಮುಂದಿನ ಭೇಟಿಗೆ ತಿಂಗಳವರೆಗೆ ಜಾಗವಿಲ್ಲ. ಒಂದು ಗಂಟೆ ರೋಗಿಯ ಜೊತೆ ಕಳೆದರೆ ಮತ್ತಷ್ಟು ಹೊತ್ತು ಕಂಪ್ಯೂಟರಿನಲ್ಲಿ ನಮೂನೆ ತುಂಬಬೇಕು. ಅರ್ಧ ಚಿಕಿತ್ಸೆಯಾಗುವಷ್ಟರಲ್ಲಿ ಸೈನಿಕನಿಗೆ ವರ್ಗ, ಇಲ್ಲವೆ ವೈದ್ಯರಿಗೇ ವರ್ಗ. ಸರಿಯಾದದ್ದು ಏನೆಂದು ಗೊತ್ತಿದ್ದೂ ಮಾಡಲಾಗದ ಈ ಸ್ಥಿತಿ, ಭೀಕರ ಕಥೆಗಿಂತ ಹೆಚ್ಚಾಗಿ ಮನುಷ್ಯನನ್ನು ಒಳಗಿನಿಂದ ತಿನ್ನುತ್ತದೆ.

ರೋಗಿಗೆ ಆಗುವ ನಷ್ಟ

ಬಳಲಿದ ಚಿಕಿತ್ಸಕರು ಕೆಲಸಕ್ಕೆ ಬಾರದೆ ಇರುವುದಿಲ್ಲ, ಬರುತ್ತಾರೆ. ಅಪಾಯವಿರುವುದೇ ಅಲ್ಲಿ. ಕಷ್ಟದ ಪ್ರಶ್ನೆ ಕೇಳುವುದನ್ನು ಬಿಡುತ್ತಾರೆ, ಏಕೆಂದರೆ ಕೇಳಿದರೆ ಉತ್ತರ ಬರುತ್ತದೆ! ಮಾತಿನ ಚಿಕಿತ್ಸೆ ಬೇಕಾದಲ್ಲಿ ಮಾತ್ರೆ ಬರೆದು ಮುಗಿಸುತ್ತಾರೆ. ಎಷ್ಟೋ ವರ್ಷ ಬಾಯಿ ಮುಚ್ಚಿದ್ದ ಯೋಧ ಧೈರ್ಯ ಮಾಡಿ ಒಂದು ಮಾತು ಹೊರಗೆ ಹಾಕುತ್ತಾನೆ. ಎದುರಿನವರ ಕಣ್ಣಿನಲ್ಲಿ ಆಸಕ್ತಿ ಕಾಣುವುದಿಲ್ಲ. 'ಇವರಿಗೂ ಬೇಡವಾಯಿತು' ಎಂದುಕೊಂಡು ಎದ್ದು ಹೋಗುತ್ತಾನೆ. ಅವನು ಮತ್ತೆ ಬರುತ್ತಾನೆಂಬ ಭರವಸೆಯಿಲ್ಲ.

ಕೆಲವರು ಕೆಲಸವನ್ನೇ ಬಿಡುತ್ತಾರೆ. ಆಗ ಅವರ ರೋಗಿಗಳು ಉಳಿದವರ ಪಾಲಿಗೆ ಬರುತ್ತಾರೆ. ಉಳಿದವರು ಮತ್ತಷ್ಟು ಬೇಗ ಬಳಲುತ್ತಾರೆ. ರೋಗಿ ಹೊಸಬರ ಮುಂದೆ ತನ್ನ ಕಥೆಯನ್ನು ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ.

ಪರಿಹಾರವೇನು?

ಬರ್ನ್‌ಔಟ್ ಎಂದೊಡನೆ ಸಂಸ್ಥೆಗಳು ಸಾಮಾನ್ಯವಾಗಿ ಮಾಡುವುದು ಒಂದು ದಿನದ ಶಿಬಿರ. ಯೋಗ, ಧ್ಯಾನ, ಪ್ರಾಣಾಯಾಮ, ಒಂದು ಭಾಷಣ, ಮಧ್ಯಾಹ್ನ ಊಟ. ಇವು ಒಳ್ಳೆಯವೇ, ಬೇಡವೆನ್ನುವುದಿಲ್ಲ. ಆದರೆ ತೂತಿನ ಕೊಡಕ್ಕೆ ನೀರು ತುಂಬುವ ಜೊತೆಗೆ ತೂತನ್ನೂ ಮುಚ್ಚಬೇಕಲ್ಲವೆ? ವೈದ್ಯರ ಬರ್ನ್‌ಔಟ್ ಕುರಿತ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2017ರ ವಿಶ್ಲೇಷಣೆಯೊಂದರಲ್ಲಿ, ವೈದ್ಯರನ್ನು ತಿದ್ದುವ ಕ್ರಮಗಳಿಗಿಂತ ಸಂಸ್ಥೆಯ ಕೆಲಸದ ವ್ಯವಸ್ಥೆಯನ್ನು ತಿದ್ದುವ ಕ್ರಮಗಳಿಂದ ಹೆಚ್ಚು ಪ್ರಯೋಜನ ಕಂಡುಬಂತು.

ಸಂಸ್ಥೆಗಳು ಮಾಡಬಹುದಾದದ್ದು ಇಷ್ಟು. ಒಬ್ಬರಿಗೆ ದಿನಕ್ಕೆ ಇಷ್ಟೇ ರೋಗಿಗಳೆಂದು ಮಿತಿ ಇಡಬೇಕು. ಆಘಾತದ ರೋಗಿಗಳನ್ನೆಲ್ಲ ಒಬ್ಬರ ತಲೆಗೇ ಕಟ್ಟದೆ ಹಂಚಬೇಕು. ಕಾಗದದ ಕೆಲಸಕ್ಕೆ ಸಹಾಯಕರನ್ನು ಕೊಡಬೇಕು. ವಾರಕ್ಕೊಮ್ಮೆ ಹಿರಿಯರ ಜೊತೆ, ಸಮವಯಸ್ಕರ ಜೊತೆ ಕಷ್ಟದ ಪ್ರಕರಣಗಳನ್ನು ಚರ್ಚಿಸಲು ಕೆಲಸದ ವೇಳೆಯಲ್ಲೇ ಸಮಯ ಇರಬೇಕು. ರೋಗಿಯೊಬ್ಬ ಆತ್ಮಹತ್ಯೆ ಮಾಡಿಕೊಂಡರೆ ಮೊದಲ ಪ್ರಶ್ನೆ 'ತಪ್ಪು ಯಾರದು?' ಎಂದಾಗಬಾರದು. ಆ ಚಿಕಿತ್ಸಕರ ಜೊತೆ ಯಾರಾದರೂ ಕುಳಿತು ಮಾತನಾಡಬೇಕು. ಚಿಕಿತ್ಸೆ ಪಡೆದ ಕಾರಣಕ್ಕೇ ವೈದ್ಯರ ಬಡ್ತಿಗೆ ಕುತ್ತು ಬರುವಂತಿರಬಾರದು.

ಚಿಕಿತ್ಸಕರು ತಮಗಾಗಿ ಮಾಡಿಕೊಳ್ಳಬಹುದಾದದ್ದೂ ಇದೆ. ಕೆಲಸದ ಜಾಗದಲ್ಲಿ ಮನಸ್ಸು ಬಿಚ್ಚಿ ಮಾತನಾಡಬಲ್ಲ ಒಬ್ಬ ಗೆಳೆಯನಾದರೂ ಇರಲಿ. ಇದು ಸಣ್ಣ ಸಂಗತಿಯಲ್ಲ. ಎರಡು ಭೇಟಿಗಳ ನಡುವೆ ಐದು ನಿಮಿಷ ಎದ್ದು ಓಡಾಡಿ, ನೀರು ಕುಡಿಯಿರಿ. ಸಂಜೆ ಕೆಲಸ ಮುಗಿಯಿತು ಎಂಬುದಕ್ಕೆ ಒಂದು ಗುರುತು ಇಟ್ಟುಕೊಳ್ಳಿ: ಬಟ್ಟೆ ಬದಲಿಸುವುದು, ಸ್ನಾನ, ಒಂದು ಸುತ್ತು ನಡಿಗೆ. ನಿದ್ರೆಗಾಗಿ ಮದ್ಯದ ಮೊರೆ ಹೋಗಬೇಡಿ. ನಿಮಗೆ ನೀವೇ ಮಾತ್ರೆ ಬರೆದುಕೊಳ್ಳಬೇಡಿ. ಗುಣವಾಗಿ ಹೋದವರನ್ನು ಆಗಾಗ ನೆನಪಿಸಿಕೊಳ್ಳಿ.

ಮನೆಯವರು ಗಮನಿಸಬೇಕಾದದ್ದು

ಕೊಡಗು, ಬೆಳಗಾವಿ ಸೇರಿದಂತೆ ನಮ್ಮ ರಾಜ್ಯದ ಅನೇಕ ಊರುಗಳಲ್ಲಿ ಸೇನೆಗೆ ಮಗನನ್ನೋ ಮಗಳನ್ನೋ ಕಳಿಸಿದ ಮನೆಗಳಿವೆ. ನಿಮ್ಮ ಮನೆಯ ಯೋಧ ಚಿಕಿತ್ಸೆ ಪಡೆಯುತ್ತಿದ್ದರೆ ಒಂದು ಮಾತು ನೆನಪಿಡಿ. ವೈದ್ಯರು ಒಂದು ದಿನ ಆಯಾಸಗೊಂಡಂತೆ ಕಂಡರೆ, ಅದು ನಿಮ್ಮವರ ಮೇಲಿನ ತಾತ್ಸಾರವೆಂದು ತಿಳಿದು ಚಿಕಿತ್ಸೆ ನಿಲ್ಲಿಸಬೇಡಿ. ಪದೇ ಪದೇ ಹಾಗೆಯೇ ಆದರೆ ಸಂಕೋಚಪಡದೆ ಹೇಳಿ, ಅಥವಾ ಬೇರೆ ವೈದ್ಯರನ್ನು ಕೇಳಿ. ಅದು ನಿಮ್ಮ ಹಕ್ಕು. ಹಾಗೆಯೇ, ಗುಣವಾದಾಗ ಒಂದು ಮಾತು ತಿಳಿಸಿ. ಯಾರು ಗುಣವಾದರು ಎಂಬ ಸುದ್ದಿ ಚಿಕಿತ್ಸಕರಿಗೆ ತಲುಪುವುದೇ ಅಪರೂಪ. ಗುಣವಾದವರು ಮತ್ತೆ ಬರುವುದಿಲ್ಲವಲ್ಲ!

ನಿಮ್ಮ ಮನೆಯಲ್ಲೇ ಮನೋವೈದ್ಯರು, ದಾದಿಯರು, ಆಪ್ತಸಲಹೆಗಾರರು ಇದ್ದರೆ ಈ ಬದಲಾವಣೆಗಳನ್ನು ಗಮನಿಸಿ. ಹಿಂದೆ ಮಾತುಗಾರರಾಗಿದ್ದವರು ಮನೆಗೆ ಬಂದೊಡನೆ ಮೌನವಾಗುವುದು, ರೋಗಿಗಳ ಬಗ್ಗೆ ಕಹಿಯಾಗಿ ಮಾತನಾಡುವುದು, ಟೆಲಿವಿಷನ್ನಿನಲ್ಲಿ ಯುದ್ಧದ ಸುದ್ದಿ ಬಂದರೆ ಎದ್ದು ಹೋಗುವುದು, ಕುಡಿತ ಹೆಚ್ಚುವುದು, ಮಕ್ಕಳ ಸಣ್ಣ ತಂಟೆಗೂ ಸಿಡುಕುವುದು. ಆಗ 'ಇವತ್ತು ಏನಾಯಿತು?' ಎಂದು ವಿವರ ಕೆದಕಬೇಡಿ. ರೋಗಿಯ ಗುಟ್ಟನ್ನು ಅವರು ಹೇಳುವಂತಿಲ್ಲ. 'ತುಂಬ ಭಾರವಾಗಿದೆಯೆ?' ಎಂದು ಕೇಳಿದರೆ ಸಾಕು. ಈ ಸ್ಥಿತಿ ಕೆಲವು ವಾರ ಮುಂದುವರಿದರೆ ವೈದ್ಯರಿಗೆ ತೋರಿಸಲು ಒತ್ತಾಯಿಸಿ. ಸಾಯುವ ಮಾತು ಬಂದರೆ ಒಂದು ದಿನವೂ ತಡಮಾಡಬೇಡಿ.

ಸಹಾಯಕ್ಕೆ ದಾರಿಗಳಿವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನದಲ್ಲಿ 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್' ದೂರವಾಣಿ ಸೇವೆಯ ಸಂಖ್ಯೆ 14416. ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ. ಸೇನಾಪಡೆಗಳವರಿಗೂ ಅವರ ಕುಟುಂಬದವರಿಗೂ ಎಂದೇ 2023ರ ಡಿಸೆಂಬರಿನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಇದರ ವಿಶೇಷ ಘಟಕವೂ ಆರಂಭವಾಯಿತು. ಈ ಕರೆಗಳನ್ನು ಕೇಳುವವರೂ ಮನುಷ್ಯರೇ, ಅವರಿಗೂ ದಣಿವಾಗುತ್ತದೆ ಎಂಬುದನ್ನು ಇಂಥ ಸೇವೆಗಳನ್ನು ನಡೆಸುವವರು ಮರೆಯಬಾರದು.

ಸೈನಿಕನ ಬಂದೂಕನ್ನು ದಿನವೂ ಒರೆಸಿ, ಎಣ್ಣೆ ಹಾಕಿ ಇಡುತ್ತಾರೆ. ತುಕ್ಕು ಹಿಡಿದರೆ ಬಂದೂಕನ್ನು ಯಾರೂ ಬೈಯುವುದಿಲ್ಲ. ಅದನ್ನು ನೋಡಿಕೊಳ್ಳಬೇಕಾದವರನ್ನು ಕೇಳುತ್ತಾರೆ. ಸೈನಿಕನ ಮನಸ್ಸನ್ನು ಕಾಯುವವರ ವಿಷಯದಲ್ಲೂ ನಾವು ಕೇಳಬೇಕಾದದ್ದು ಇದೇ ಪ್ರಶ್ನೆ. 'ನೀವೇಕೆ ಬಳಲಿದಿರಿ?' ಎಂದು ಅವರನ್ನು ಕೇಳುವ ಮೊದಲು, 'ಇವರನ್ನು ಯಾರು ನೋಡಿಕೊಳ್ಳುತ್ತಿದ್ದಾರೆ?' ಎಂದು ಕೇಳೋಣ.